ಹಾವಿನ ಬಾಯಿಂದ ಹಕ್ಕಿಮರಿಯನ್ನು ಬಿಡಿಸಬೇಕೇ?

ಮಾರ್ಚ್, ಏಪ್ರಿಲ್ ಬಂತೆಂದರೆ ದಾಸವಾಳದ ಬೇಲಿಯಲ್ಲಿ, ಕರಿಬೇವಿನ ಗಿಡದಲ್ಲಿ, ಬಾಲ್ಕನಿಗೆ ಹಬ್ಬಿಸಿದ ಬಳ್ಳಿಯ ನಡುವೆ ಪಿಕಳಾರಗಳು ಗೂಡು ಕಟ್ಟುತ್ತವೆ. ಮನೆಯವರೆಲ್ಲ ಆ ಗೂಡಿಗೆ ಹೊಂದಿಕೊಳ್ಳುತ್ತಾರೆ. ಬಟ್ಟೆ ಒಣಹಾಕುವ ಹಗ್ಗ ಬೇರೆ ಕಡೆಗೆ ಹೋಗುತ್ತದೆ, ಆ ಕಡೆ ಚೆಂಡು ಎಸೆಯಬೇಡಿ ಎಂದು ಮಕ್ಕಳಿಗೆ ತಾಕೀತಾಗುತ್ತದೆ. ಮೊಟ್ಟೆ ಒಡೆದು, ಮರಿಗಳು ಕಣ್ಣುಬಿಟ್ಟು, ಗರಿ ಮೂಡುವ ಹೊತ್ತಿಗೆ ಒಂದು ಮಧ್ಯಾಹ್ನ ದೊಡ್ಡ ಹಕ್ಕಿಗಳ ಕಿರುಚಾಟ ಕೇಳಿಸುತ್ತದೆ. ಓಡಿಹೋಗಿ ನೋಡಿದರೆ ಕೇರೆಹಾವೊಂದು ಕೊಂಬೆಗೆ ಮೈಸುತ್ತಿ ಗೂಡಿನೊಳಗೆ ತಲೆ ಇಟ್ಟಿದೆ. ಇಲ್ಲವೇ ಕೆಂಬೂತವೊಂದು ಮರಿಯನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ನಿಂತಿದೆ. ಕೈ ತಾನಾಗಿಯೇ ಕೋಲು ಹುಡುಕುತ್ತದೆ.

ಆ ಕೋಲು ಬೀಸಬೇಕೇ, ಬೇಡವೇ? ನನ್ನ ಉತ್ತರವನ್ನು ಮೊದಲೇ ಹೇಳುತ್ತೇನೆ. ತಿನ್ನಲು ಬಂದದ್ದು ಆ ನೆಲದಲ್ಲೇ ಹುಟ್ಟಿ ಬೆಳೆದ ಕಾಡುಜೀವಿಯಾದರೆ ಬೇಡ. ಸಾಕಿದ ಬೆಕ್ಕು, ಬೀದಿನಾಯಿ, ಮಾಂಜಾ ದಾರ, ಗಾಜಿನ ಕಿಟಕಿ ಹೀಗೆ ನಮ್ಮಿಂದ ಬಂದ ಆಪತ್ತಾದರೆ ಬೇಕು, ಅದೂ ತಡಮಾಡದೆ. ಈ ಎರಡರ ನಡುವೆ ಇಕ್ಕಟ್ಟಿನ ಸಂದರ್ಭಗಳಿವೆ, ಅವುಗಳಿಗೂ ಬರುತ್ತೇನೆ. ಆದರೆ ಇಂಥ ಉತ್ತರವನ್ನು ಕಾರಣ ತಿಳಿಯದೆ ಒಪ್ಪಿಕೊಂಡರೆ ಮನಸ್ಸು ಕಲ್ಲಾಗುವ ಅಪಾಯವಿದೆ. ಮರಿಯ ಕೂಗಿಗೆ ಕರುಳು ಚುರುಕ್ ಎನ್ನುವುದು ಒಳ್ಳೆಯ ಗುಣ. ಅದನ್ನು ಕಳೆದುಕೊಂಡು ಪರಿಸರದ ಪಾಠ ಕಲಿಯಬೇಕಾಗಿಲ್ಲ.

ಈ ಪ್ರಶ್ನೆ ನಮಗೆ ಹೊಸದೂ ಅಲ್ಲ. ಗಿಡುಗಕ್ಕೆ ಹೆದರಿ ರಾಜನ ಮಡಿಲಿಗೆ ಬಂದು ಬಿದ್ದ ಪಾರಿವಾಳದ ಕಥೆಯನ್ನು ಶಿಬಿ ಚಕ್ರವರ್ತಿಯ ಹೆಸರಿನಲ್ಲಿ ಚಿಕ್ಕಂದಿನಲ್ಲೇ ಕೇಳಿದ್ದೇವೆ. ಮಹಾಭಾರತದ ವನಪರ್ವದಲ್ಲಿ ಇದೇ ಕಥೆ ಉಶೀನರ ರಾಜನ ಹೆಸರಿನಲ್ಲೂ ಬರುತ್ತದೆ. ನಮ್ಮ ನೆನಪಿನಲ್ಲಿ ಗಟ್ಟಿಯಾಗಿ ನಿಂತಿರುವುದು ತಕ್ಕಡಿ ಮತ್ತು ರಾಜ ತನ್ನ ಮಾಂಸವನ್ನೇ ಕೊಯ್ದು ಅದರಲ್ಲಿಟ್ಟದ್ದು. ಅದಕ್ಕೂ ಮೊದಲು ಗಿಡುಗ ಹೂಡುವ ವಾದ ಅಷ್ಟಾಗಿ ಉಳಿದಿಲ್ಲ. ಇದು ನನ್ನ ಆಹಾರ, ಇದನ್ನು ನೀನು ಕಿತ್ತುಕೊಂಡರೆ ನಾನು ಸಾಯುತ್ತೇನೆ, ನಾನು ಸತ್ತರೆ ನನ್ನ ಹೆಂಡತಿ ಮಕ್ಕಳೂ ಸಾಯುತ್ತಾರೆ, ಒಂದು ಜೀವ ಉಳಿಸಲು ಹೋಗಿ ಹಲವು ಜೀವ ತೆಗೆಯುತ್ತೀಯೆ, ಇನ್ನೊಂದು ಧರ್ಮಕ್ಕೆ ಬಾಧೆ ತರುವ ಧರ್ಮ ಧರ್ಮವೇ ಅಲ್ಲ ಎನ್ನುತ್ತದೆ ಅದು. ರಾಜ ಈ ಮಾತನ್ನು ತಳ್ಳಿಹಾಕುವುದಿಲ್ಲ. ಬದಲಿಗೆ ಬೇರೆ ಮಾಂಸ ಕೊಡುತ್ತೇನೆ ಎನ್ನುತ್ತಾನೆ, ಕೊನೆಗೆ ತನ್ನದನ್ನೇ ಕೊಡುತ್ತಾನೆ. ಗಿಡುಗದ ಹಸಿವು ಸುಳ್ಳಲ್ಲ, ಅದರ ಬೆಲೆಯನ್ನು ಯಾರಾದರೂ ತೆರಲೇಬೇಕು ಎಂಬುದನ್ನು ಆ ಕಥೆ ಮುಚ್ಚಿಡುವುದಿಲ್ಲ.

ನಮ್ಮ ಹಿತ್ತಲಿನಲ್ಲಿ ನಡೆಯುವುದೂ ಇದೇ. ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಕಾಣುವ ಸಣ್ಣ ಗಿಡುಗ ಶಿಕ್ರಾ. ಓತಿಕ್ಯಾತ, ಅಳಿಲು, ಇಲಿ, ಮಿಡತೆ, ಸಣ್ಣ ಹಕ್ಕಿ ಇವೆಲ್ಲ ಅದರ ಊಟ. ಪಿಕಳಾರ ಮರಿಮಾಡುವ ಬೇಸಿಗೆಯಲ್ಲೇ ಅದೂ ಮೂರು ನಾಲ್ಕು ಮೊಟ್ಟೆಯಿಟ್ಟು ಮರಿ ಮಾಡುತ್ತದೆ. ಪಿಕಳಾರದ ಗೂಡು ನಮ್ಮ ಕಣ್ಣೆದುರಿಗಿದೆ. ಶಿಕ್ರಾದ ಗೂಡು ಪಕ್ಕದ ಬೀದಿಯ ಮಾವಿನ ಮರದ ನೆತ್ತಿಯಲ್ಲಿ ಎಲೆ ಮರೆಯಲ್ಲಿದೆ. ಅಲ್ಲಿಯೂ ಮರಿಗಳು ಬಾಯಿ ತೆರೆದುಕೊಂಡು ಕಾಯುತ್ತಿವೆ. ನಮಗೆ ಕಾಣಿಸಿದ ಮರಿಯ ಪರ, ಕಾಣಿಸದ ಮರಿಯ ವಿರುದ್ಧ ನಾವು ತೀರ್ಪು ಕೊಟ್ಟಿರುತ್ತೇವೆ. ಬೇಟೆಹಕ್ಕಿಗಳ ಬದುಕು ಸುಖದ್ದು ಎಂಬ ಭಾವನೆಯೂ ನಮ್ಮಲ್ಲಿದೆ. ಅದು ನಿಜವಲ್ಲ. ಎರಗಿದ ಹೆಚ್ಚಿನ ಸಲ ಅವಕ್ಕೆ ಏನೂ ಸಿಗುವುದಿಲ್ಲ. ಬೇಟೆ ಕಲಿಯುವುದರೊಳಗೆ ಮೊದಲ ವರ್ಷದಲ್ಲೇ ಹಸಿವಿನಿಂದ ಸಾಯುವ ಎಳೆ ಗಿಡುಗ, ಎಳೆ ಹದ್ದುಗಳು ಬಹಳ.

ಬಿಡಿಸಿದ ಹಕ್ಕಿಯ ಗತಿ ಏನಾಗುತ್ತದೆ ಎಂಬುದನ್ನೂ ನೋಡಬೇಕು. ಶಿಕ್ರಾ ಪಾರಿವಾಳವನ್ನೋ ಗೊರವಂಕವನ್ನೋ ನೆಲಕ್ಕೆ ಒತ್ತಿ ಹಿಡಿದಿದೆ ಎಂದುಕೊಳ್ಳಿ. ನೀವು ಚಪ್ಪಾಳೆ ತಟ್ಟಿ ಓಡಿಸುತ್ತೀರಿ. ಕೆಳಗಿದ್ದ ಹಕ್ಕಿ ತತ್ತರಿಸುತ್ತ ಹಾರಿ ಪೊದೆ ಸೇರಿತು, ಬದುಕಿತು ಎಂಬ ಸಮಾಧಾನ ನಿಮಗೆ. ಗಿಡುಗ ಹಿಡಿಯುವುದು ಕೊಕ್ಕಿನಿಂದಲ್ಲ, ಕಾಲಿನಿಂದ. ಅದರ ಹಿಂಬೆರಳಿನ ಉಗುರು ಎದೆ, ಬೆನ್ನು, ಹೊಟ್ಟೆಯ ಒಳಕ್ಕೆ ಇಳಿಯುತ್ತದೆ. ಹಕ್ಕಿಗಳಿಗೆ ಶ್ವಾಸಕೋಶದ ಜೊತೆಗೆ ಮೈಯೊಳಗೆಲ್ಲ ಹರಡಿದ ತೆಳುವಾದ ಗಾಳಿಚೀಲಗಳಿವೆ. ಉಗುರು ಅವನ್ನು ಚುಚ್ಚಿದರೆ ಉಸಿರಾಡಿದ ಗಾಳಿ ಚರ್ಮದ ಕೆಳಗೆ ಸೋರಿ ಮೈ ಉಬ್ಬುತ್ತದೆ. ಹೊರಗೆ ಒಂದು ಹನಿ ರಕ್ತ, ಒಳಗೆ ಎಷ್ಟೋ. ಹಕ್ಕಿಗಳು ನೋವನ್ನು ತೋರಿಸಿಕೊಳ್ಳುವುದಿಲ್ಲ, ತೋರಿಸಿಕೊಂಡರೆ ಮುಂದಿನ ಬೇಟೆಗಾರನ ಕಣ್ಣಿಗೆ ಬೀಳುತ್ತವೆ. ಆದ್ದರಿಂದ ಅದು ಹಾರಿಹೋದದ್ದಷ್ಟೇ ನಮಗೆ ಕಾಣುತ್ತದೆ. ಇಂಥ ಗಾಯದ ಹಕ್ಕಿ ಎಷ್ಟೋ ಸಲ ಪೊದೆಯ ಮರೆಯಲ್ಲಿ ಕೆಲವು ಗಂಟೆ ನರಳಿ ಸಾಯುತ್ತದೆ. ಅತ್ತ ಊಟ ಕಳೆದುಕೊಂಡ ಗಿಡುಗ ಸಂಜೆಯೊಳಗೆ ಇನ್ನೊಂದನ್ನು ಹಿಡಿಯಲೇಬೇಕು. ಒಂದರ ಬದಲು ಎರಡು ಹಕ್ಕಿ ಹೋದವು. ನನಗೆ ಎಲ್ಲಕ್ಕಿಂತ ಬಲವಾಗಿ ಕಾಣುವ ಕಾರಣ ಇದೇ.

ಮೊಟ್ಟೆ ಮರಿಗಳ ವಿಷಯದಲ್ಲಿ ಲೆಕ್ಕ ಬೇರೆ ರೀತಿಯದು. ಒಂದು ಜೋಡಿ ಪಿಕಳಾರ ಒಂದು ಸಲಕ್ಕೆ ಎರಡೋ ಮೂರೋ ಮೊಟ್ಟೆಯಿಡುತ್ತದೆ, ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಗೂಡು ಕಟ್ಟುತ್ತದೆ. ಸರಳವಾಗಿ ಹಿಡಿಯೋಣ: ಸಲಕ್ಕೆ ಮೂರು ಮೊಟ್ಟೆ, ವರ್ಷಕ್ಕೆ ಎರಡು ಸಲ, ನಾಲ್ಕು ವರ್ಷ. ಒಟ್ಟು 24 ಮೊಟ್ಟೆ. ಊರಿನಲ್ಲಿ ಪಿಕಳಾರಗಳ ಸಂಖ್ಯೆ ಏರದೆ ಇಳಿಯದೆ ಇರಬೇಕಾದರೆ ಈ 24ರಲ್ಲಿ ಎಷ್ಟು ಬದುಕಿ ದೊಡ್ಡವಾಗಿ ತಾವೂ ಮರಿ ಮಾಡಬೇಕು? ಎರಡು. ತಾಯಿಯ ಜಾಗಕ್ಕೊಂದು, ತಂದೆಯ ಜಾಗಕ್ಕೊಂದು. ಉಳಿದ 22 ಯಾವುದೋ ಹಂತದಲ್ಲಿ ಹೋಗಲೇಬೇಕು. ಮೊಟ್ಟೆಯಾಗಿ ಹಾವಿಗೆ, ಮರಿಯಾಗಿ ಕೆಂಬೂತಕ್ಕೆ, ಹಾರಲು ಕಲಿಯುವಾಗ ಶಿಕ್ರಾಕ್ಕೆ, ಮೊದಲ ಮಳೆಯ ಚಳಿಗೆ, ರೋಗಕ್ಕೆ, ಹಸಿವಿಗೆ. ಒಂದೂ ಹೋಗದಿದ್ದರೆ ಏನಾಗುತ್ತದೆ ಎಂದು ಯೋಚಿಸಿ. ಎರಡಿದ್ದದ್ದು ನಾಲ್ಕು ವರ್ಷಕ್ಕೆ 24, ಆ ಹನ್ನೆರಡು ಜೋಡಿಗಳಿಂದ ಮುಂದಿನ ನಾಲ್ಕು ವರ್ಷಕ್ಕೆ 288. ಅವಕ್ಕೆಲ್ಲ ಹಣ್ಣೆಲ್ಲಿ, ಹುಳುವೆಲ್ಲಿ, ಗೂಡಿಗೆ ಗಿಡವೆಲ್ಲಿ?

ಬಟ್ಟಲಿನಂತೆ ಬಾಯ್ತೆರೆದ ಗೂಡು ಕಟ್ಟುವ ಸಣ್ಣ ಹಕ್ಕಿಗಳಲ್ಲಿ, ಅದರಲ್ಲೂ ನಮ್ಮಂಥ ಬೆಚ್ಚನೆಯ ನಾಡುಗಳಲ್ಲಿ, ಅರ್ಧಕ್ಕಿಂತ ಹೆಚ್ಚು ಗೂಡುಗಳು ಮರಿ ಹಾರುವ ಮೊದಲೇ ಬರಿದಾಗುವುದು ಸಾಮಾನ್ಯ. ಅದಕ್ಕೆ ಮುಖ್ಯ ಕಾರಣ ಬೇಟೆಯೇ. ಹಕ್ಕಿಗಳ ಇಡೀ ಬದುಕು ಈ ಸತ್ಯದ ಸುತ್ತ ರೂಪುಗೊಂಡಿದೆ. ಗೂಡು ಹೋದರೆ ಪಿಕಳಾರ ಕೆಲವೇ ದಿನಗಳಲ್ಲಿ ಹುಲ್ಲುಕಡ್ಡಿ ಹೊರಲು ಶುರುಮಾಡುತ್ತದೆ, ಹೆಚ್ಚಾಗಿ ಬೇರೆ ಜಾಗದಲ್ಲಿ. ಮೊಟ್ಟೆಯಿಂದ ಮರಿ ಹಾರುವ ತನಕ ಎಲ್ಲ ಸೇರಿ ಒಂದು ತಿಂಗಳೊಳಗಿನ ಕೆಲಸ. ಅದನ್ನು ಇನ್ನೂ ಚಿಕ್ಕದು ಮಾಡುವುದೇ ಅವುಗಳ ಉಪಾಯ: ಗೂಡಿನಲ್ಲಿ ಕಳೆಯುವ ಒಂದೊಂದು ದಿನವೂ ಅಪಾಯದ ದಿನ. ಅದಕ್ಕೇ ಮರಿಗಳು ರೆಕ್ಕೆ ಪೂರ್ತಿ ಬಲಿಯುವ ಮೊದಲೇ ಗೂಡಿನಿಂದ ಕೆಳಗಿಳಿದುಬಿಡುತ್ತವೆ. ನೆಲದ ಮೇಲೆ ಕುಪ್ಪಳಿಸುತ್ತಿರುವ ಅಂಥ ಮರಿಯನ್ನು ಕಂಡು ಅನಾಥ ಎಂದು ಎತ್ತಿಕೊಂಡು ಹೋಗುವವರು ಎಷ್ಟೋ ಮಂದಿ. ಅದರ ತಾಯಿ ತಂದೆ ಹತ್ತಿರದ ಕೊಂಬೆಯಲ್ಲೇ ಹುಳು ಕಚ್ಚಿಕೊಂಡು ಕಾಯುತ್ತಿರುತ್ತವೆ.

ಕೋಸ್ಟರಿಕಾದ ಕಾಡುಗಳಲ್ಲಿ ದಶಕಗಟ್ಟಲೆ ಹಕ್ಕಿಗಳ ಗೂಡು ಗಮನಿಸಿದ ಅಲೆಕ್ಸಾಂಡರ್ ಸ್ಕಚ್ 1949ರಲ್ಲಿ ಒಂದು ವಿಚಾರ ಮುಂದಿಟ್ಟರು. ತಾಯಿ ತಂದೆ ಗೂಡಿಗೆ ಬಂದುಹೋಗುವುದು ಹೆಚ್ಚಾದಷ್ಟೂ ಗೂಡು ಬೇಟೆಗಾರರ ಕಣ್ಣಿಗೆ ಬೀಳುವುದು ಹೆಚ್ಚು. ಉಷ್ಣವಲಯದ ಹಕ್ಕಿಗಳು ಕಡಿಮೆ ಮೊಟ್ಟೆಯಿಡುವುದಕ್ಕೆ ಇದೂ ಒಂದು ಕಾರಣವಿರಬಹುದು ಎಂಬುದು ಅವರ ತರ್ಕ. ಮರಿ ಕಡಿಮೆಯಾದರೆ ಓಡಾಟ ಕಡಿಮೆ, ಓಡಾಟ ಕಡಿಮೆಯಾದರೆ ಗುಟ್ಟು ಉಳಿಯುತ್ತದೆ. ತಾಯಿ ಹಕ್ಕಿಯ ಓಡಾಟವೇ ಅಪಾಯ ತರುವಾಗ ನಮ್ಮ ಓಡಾಟ ಏನು ಮಾಡೀತು? ಕಾವಲು ಕಾಯುತ್ತೇವೆಂದು ಗಂಟೆಗೊಮ್ಮೆ ಗೂಡಿಗೆ ಇಣುಕಿ, ಎಲೆ ಸರಿಸಿ, ಮೊಬೈಲಿನಲ್ಲಿ ಫೋಟೊ ತೆಗೆಯುವವರನ್ನು ಎದುರುಮನೆಯ ಟ್ಯಾಂಕಿನ ಮೇಲೆ ಕುಳಿತ ಕಾಗೆ ನೋಡುತ್ತಿರುತ್ತದೆ. ಮನುಷ್ಯರು ಎಲ್ಲಿ ಪದೇ ಪದೇ ಬಗ್ಗಿ ನೋಡುತ್ತಾರೋ ಅಲ್ಲಿ ಏನೋ ಇದೆ ಎಂದು ತಿಳಿಯುವಷ್ಟು ಬುದ್ಧಿ ಕಾಗೆಗಿದೆ. ಪ್ರೀತಿಯಿಂದ ಕಾಯ್ದ ಗೂಡು ಆ ಪ್ರೀತಿಯಿಂದಲೇ ಹಾಳಾಗುವುದುಂಟು.

ಹಾಗಾದರೆ ಬೇಟೆಗಾರರೇ ಇಲ್ಲದಿದ್ದರೆ ಸಣ್ಣ ಹಕ್ಕಿಗಳ ಸಂಖ್ಯೆ ಹೆಚ್ಚುತ್ತದೆಯೇ? ಇದಕ್ಕೆ ಇಂಗ್ಲೆಂಡಿನಲ್ಲಿ, ಯಾರೂ ಬಯಸದ ರೀತಿಯಲ್ಲಿ, ಒಂದು ಪರೀಕ್ಷೆ ನಡೆದುಹೋಯಿತು. ಆಕ್ಸ್‌ಫರ್ಡ್ ಪಕ್ಕದ ವೈಥಮ್ ಕಾಡಿನಲ್ಲಿ 1947ರಿಂದ ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿಗಳನ್ನು ಗೂಡುಪೆಟ್ಟಿಗೆ ಇಟ್ಟು ವರ್ಷವರ್ಷವೂ ಎಣಿಸುತ್ತ ಬಂದಿದ್ದಾರೆ. ಅವನ್ನು ತಿನ್ನುವುದು ಸ್ಪ್ಯಾರೋಹಾಕ್, ನಮ್ಮ ಶಿಕ್ರಾದ ಹತ್ತಿರದ ನೆಂಟ. 1950ರ ದಶಕದ ಕೊನೆಗೆ ಡಿಡಿಟಿ, ಡೀಲ್ಡ್ರಿನ್‌ನಂಥ ಕೀಟನಾಶಕಗಳಿಂದ ಇಂಗ್ಲೆಂಡಿನ ಬಹುಭಾಗದಲ್ಲಿ ಸ್ಪ್ಯಾರೋಹಾಕ್ ಅಳಿದುಹೋಯಿತು. ವೈಥಮ್‌ನಲ್ಲೂ ಇಲ್ಲವಾಯಿತು. ಆ ವಿಷಗಳ ಬಳಕೆಗೆ ತಡೆ ಬಿದ್ದ ಮೇಲೆ 1970ರ ದಶಕದಲ್ಲಿ ಮತ್ತೆ ಬಂತು. ಹತ್ತಕ್ಕೂ ಹೆಚ್ಚು ವರ್ಷ ಬೇಟೆಗಾರನಿಲ್ಲದ ಕಾಡು! ಆದರೆ ಮರಿ ಮಾಡುವ ಟಿಟ್‌ಗಳ ಸಂಖ್ಯೆ ಗಿಡುಗ ಇಲ್ಲದಾಗ ಉಕ್ಕಲಿಲ್ಲ, ಅದು ಮರಳಿ ಬಂದಾಗ ಕುಸಿಯಲೂ ಇಲ್ಲ. ಚಳಿಗಾಲದಲ್ಲಿ ಸಿಗುವ ಆಹಾರ, ಇರುವ ಜಾಗ ಇವೇ ಎಷ್ಟು ಹಕ್ಕಿ ಉಳಿಯಬೇಕೆಂದು ನಿರ್ಧರಿಸುತ್ತಿದ್ದವು. ಗಿಡುಗ ತಿನ್ನದಿದ್ದ ಹಕ್ಕಿಗಳನ್ನು ಹಸಿವು ಒಯ್ಯುತ್ತಿತ್ತು. ಇನ್ನೊಂದು ಸೊಗಸಾದ ಸಂಗತಿಯೂ ಅಲ್ಲಿ ಸಿಕ್ಕಿತು. ಗಿಡುಗ ಇಲ್ಲದ ವರ್ಷಗಳಲ್ಲಿ ಟಿಟ್‌ಗಳು ಚಳಿಗಾಲಕ್ಕೆ ಹೆಚ್ಚು ಕೊಬ್ಬು ಕೂಡಿಸಿಕೊಂಡು ತೂಕವಾದವು, ಗಿಡುಗ ಬಂದ ಮೇಲೆ ಮತ್ತೆ ಹಗುರಾದವು. ದಪ್ಪ ಹಕ್ಕಿ ಚುರುಕಾಗಿ ಹಾರಲಾರದು. ಗಿಡುಗ ಅವುಗಳ ಸಂಖ್ಯೆಯನ್ನು ಇಳಿಸದಿದ್ದರೂ ಅವುಗಳ ಮೈಕಟ್ಟನ್ನು ತಿದ್ದಿತು.

ಬೇಟೆಗೆ ಸಿಕ್ಕವುಗಳಲ್ಲಿ ಹೆಚ್ಚಿನವು ಹೇಗೂ ಉಳಿಯಲಾರದ ಹೆಚ್ಚುವರಿ ಜೀವಗಳು ಎಂದು ಅಮೆರಿಕದ ವನ್ಯಜೀವಿ ವಿಜ್ಞಾನಿ ಪಾಲ್ ಎರಿಂಗ್ಟನ್ 1940ರ ದಶಕದಲ್ಲೇ ವಾದಿಸಿದ್ದರು. ಜಾಗ ಸಿಗದ್ದು, ರೋಗ ಹಿಡಿದದ್ದು, ಅನುಭವ ಸಾಲದ್ದು. ಅವರ ಮಾತು ಎಲ್ಲ ಕಡೆ, ಎಲ್ಲ ಜೀವಿಗೂ ಹೊಂದುವುದಿಲ್ಲ ಎಂದು ಆಮೇಲೆ ತಿಳಿಯಿತು. ಆದರೂ ಪಿಕಳಾರ, ಗೊರವಂಕ, ಮಡಿವಾಳದಂಥ ಸಾಮಾನ್ಯ ಹಕ್ಕಿಗಳ ಮಟ್ಟಿಗೆ ನೆನಪಿಡಬೇಕಾದ ಮಾತೇ.

ಬೇಟೆಗಾರನೇ ಕಾವಲುಗಾರನೂ ಆಗುವುದುಂಟು. ರಂಗನತಿಟ್ಟಿನಲ್ಲಿ ದೋಣಿ ಹತ್ತಿದವರಿಗೆ ಆ ನೋಟ ಗೊತ್ತು. ಮೇಲೆ ಮರದ ತುಂಬ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳ ಗೂಡು, ಕೆಳಗೆ ಬಂಡೆಯ ಮೇಲೆ ಬಾಯ್ತೆರೆದು ಮಲಗಿದ ಮೊಸಳೆ. ಸಾಲಿಂ ಅಲಿಯವರ ಒತ್ತಾಸೆಯಿಂದ ಮೈಸೂರು ಸಂಸ್ಥಾನ 1940ರಲ್ಲಿ ಪಕ್ಷಿಧಾಮವೆಂದು ಘೋಷಿಸಿದ ಈ ನಡುಗಡ್ಡೆಗಳಲ್ಲಿ ಗೂಡಿನಿಂದ ಜಾರಿಬಿದ್ದ ಮರಿ ಮೊಸಳೆಯ ಪಾಲು. ಪ್ರವಾಸಿಗರಿಗೆ ಇದು ಘೋರವಾಗಿ ಕಾಣುತ್ತದೆ. ಅಮೆರಿಕದ ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಇಂಥದೇ ಜೋಡಿಯನ್ನು ವಿಜ್ಞಾನಿಗಳು ಹತ್ತಿರದಿಂದ ನೋಡಿದ್ದಾರೆ. ಅಲ್ಲಿನ ಬಕಪಕ್ಷಿಗಳು ಬೇಕೆಂದೇ ಮೊಸಳೆಯ ನೆಂಟರಾದ ಅಲಿಗೇಟರ್‌ಗಳಿರುವ ನೀರಿನ ಮೇಲೆ ಗೂಡು ಕಟ್ಟುತ್ತವೆ. ಮರ ಹತ್ತಿ ಗೂಡುಗಟ್ಟಲೆ ಮೊಟ್ಟೆ ನುಂಗುವ ರಕೂನ್‌ಗಳು ಅಲಿಗೇಟರ್ ಇರುವ ನೀರು ದಾಟಲು ಅಂಜುತ್ತವೆ. ಕೊಕ್ಕರೆಗಳು ಸಾಕಬಲ್ಲಷ್ಟಕ್ಕಿಂತ ಹೆಚ್ಚು ಮೊಟ್ಟೆಯಿಡುತ್ತವೆ, ಕೆಲವು ಮರಿಗಳು ಹೇಗೂ ಕೆಳಗೆ ಬೀಳುತ್ತವೆ. ಬಿದ್ದವು ಕಾವಲಿನ ಕೂಲಿ. ಗೂಡಿನ ಕೆಳಗಿರುವ ಅಲಿಗೇಟರ್‌ಗಳು ದೂರದವುಗಳಿಗಿಂತ ಮೈಕೈ ತುಂಬಿಕೊಂಡಿರುತ್ತವೆ. ರಂಗನತಿಟ್ಟಿನ ಮೊಸಳೆಗಳೂ ಕಾವೇರಿಯಲ್ಲಿ ಇಂಥ ಕೆಲಸವನ್ನೇ ಮಾಡುತ್ತಿರಬಹುದು ಎನಿಸುತ್ತದೆ. ಹಾಗಿದ್ದರೆ ಒಂದು ಮರಿಯನ್ನು ಮೊಸಳೆಯ ಬಾಯಿಂದ ತಪ್ಪಿಸಲು ಮೊಸಳೆಯನ್ನು ಅಲ್ಲಿಂದ ಓಡಿಸುವುದು ನೂರು ಗೂಡುಗಳ ಬೇಲಿ ಕಿತ್ತಂತೆ.

ಹಳ್ಳಿಗಳಲ್ಲಿ ಕೇರೆಹಾವಿನ ವಿಷಯವೂ ಹೀಗೇ. ವರ್ಷದಲ್ಲಿ ಒಂದೆರಡು ಗೂಡು ಮುಟ್ಟುವ ಕೇರೆ ಗದ್ದೆಯ ಬದುವಿನಲ್ಲಿ, ಕಣಜದ ಸುತ್ತ ಹಿಡಿಯುವ ಇಲಿಗಳ ಲೆಕ್ಕ ಇಟ್ಟವರಿಲ್ಲ. ಇಲಿಗಳೂ ಮೊಟ್ಟೆ ತಿನ್ನುತ್ತವೆ ಎಂಬುದು ಬೇರೆ ಮಾತು.

ಇಲ್ಲಿಂದ ಮುಂದೆ ವಿಷಯ ತಿರುಗುತ್ತದೆ. ಇದುವರೆಗೆ ಹೇಳಿದ್ದೆಲ್ಲ ನಿಲ್ಲುವುದು ಬೇಟೆಗಾರ ಮತ್ತು ಬೇಟೆ ಒಂದೇ ನೆಲದಲ್ಲಿ ಲಕ್ಷಾಂತರ ವರ್ಷ ಜೊತೆಗೆ ಬಂದಾಗ ಮಾತ್ರ. ಆ ಕಾಲದಲ್ಲಿ ಒಂದರ ಉಪಾಯಕ್ಕೆ ಇನ್ನೊಂದು ಪ್ರತಿ ಉಪಾಯ ಕಲಿತಿದೆ. ಹೊಸಬ ಬಂದರೆ ಈ ಸಮತೋಲ ಇಲ್ಲ. ಪೆಸಿಫಿಕ್ ಸಾಗರದ ಗುವಾಮ್ ದ್ವೀಪಕ್ಕೆ ಎರಡನೇ ಮಹಾಯುದ್ಧದ ನಂತರ ಸರಕಿನ ಜೊತೆ ಕಂದು ಮರಹಾವು ಬಂದಿಳಿಯಿತು. ಮರ ಹತ್ತುವ ಇಂಥ ಹಾವನ್ನು ಎಂದೂ ಕಂಡಿರದ ಅಲ್ಲಿನ ಹಕ್ಕಿಗಳಿಗೆ ಅಡಗುವುದು, ಬೆದರಿಸುವುದು ಯಾವುದೂ ತಿಳಿದಿರಲಿಲ್ಲ. ಕೆಲವೇ ದಶಕಗಳಲ್ಲಿ ಆ ದ್ವೀಪದ 12 ಕಾಡುಹಕ್ಕಿ ಜಾತಿಗಳಲ್ಲಿ 10 ಅಲ್ಲಿಂದ ಕಣ್ಮರೆಯಾದವು. ನೋಡುವವರಿಗೆ ಅಲ್ಲಿಯೂ ಕಂಡದ್ದು ಹಾವು ಮರಿ ನುಂಗುವ ದೃಶ್ಯವೇ. ಆದರೆ ಅಲ್ಲಿ ಹಾವನ್ನು ಹಿಡಿಯುವುದು, ಹಕ್ಕಿಯನ್ನು ಬಿಡಿಸುವುದು ಸರಿಯಾದ ಕೆಲಸ.

ನಮ್ಮ ಮನೆಗಳಲ್ಲಿರುವ ಹೊಸಬ ಬೆಕ್ಕು. ಬೆಕ್ಕು ಬೇಟೆಯಾಡುವುದು ಸ್ವಭಾವ, ಅದು ಪ್ರಕೃತಿ ನಿಯಮ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕಾಡಿನ ಬೇಟೆಗಾರನಿಗೆ ಬೇಟೆ ಕಡಿಮೆಯಾದರೆ ಅದರ ಸಂಖ್ಯೆಯೂ ಇಳಿಯುತ್ತದೆ, ಅದರಿಂದ ಬೇಟೆಗೆ ಉಸಿರಾಡಲು ಬಿಡುವು ಸಿಗುತ್ತದೆ. ಬೆಕ್ಕಿಗೆ ಈ ನಿಯಮವಿಲ್ಲ. ಬೀದಿಯಲ್ಲಿ ಒಂದು ಹಕ್ಕಿಯೂ ಉಳಿಯದಿದ್ದರೂ ಅದಕ್ಕೆ ಮನೆಯಲ್ಲಿ ಹಾಲು, ಮೀನು ಕಾದಿರುತ್ತದೆ. ಅದಕ್ಕೆ ರೋಗ ಬಂದರೆ ಔಷಧಿಯಿದೆ. ಹಾಗಾಗಿ ಒಂದು ಚದರ ಕಿಲೋಮೀಟರಿನಲ್ಲಿ ಎಷ್ಟು ಕಾಡುಬೆಕ್ಕುಗಳು ಬದುಕಬಹುದೋ ಅದರ ಹಲವು ಪಟ್ಟು ಸಾಕುಬೆಕ್ಕುಗಳು ಒಂದೇ ಬಡಾವಣೆಯಲ್ಲಿರುತ್ತವೆ. ಅಮೆರಿಕದಲ್ಲಿ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ ಎಂದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ಬೆಕ್ಕಿನ ಬಾಯಿಂದ ಹಕ್ಕಿಯನ್ನು ಬಿಡಿಸಿ, ಖಂಡಿತ ಬಿಡಿಸಿ. ಆದರೆ ಬಿಡಿಸಿದ ಮೇಲೆ ಗಾಯ ಕಾಣುತ್ತಿಲ್ಲ ಎಂದು ಹಾರಿಬಿಡಬೇಡಿ. ಬೆಕ್ಕಿನ ಹಲ್ಲು ಸೂಜಿಯಷ್ಟು ತೆಳು, ತೂತು ಗರಿಯ ಕೆಳಗೆ ಮುಚ್ಚಿಹೋಗುತ್ತದೆ. ಅದರ ಬಾಯಲ್ಲಿರುವ ಪಾಶ್ಚುರೆಲ್ಲ ಎಂಬ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದರೆ ಒಂದೆರಡು ದಿನದಲ್ಲಿ ಹಕ್ಕಿ ಸಾಯುತ್ತದೆ. ಬೆಕ್ಕು ಕಚ್ಚಿದ ಹಕ್ಕಿಗೆ ಅದೇ ದಿನ ಆಂಟಿಬಯಾಟಿಕ್ ಸಿಗಬೇಕು.

ನಾಯಿಯ ವಿಷಯ ಬಯಲುಸೀಮೆಯಲ್ಲಿ ಇನ್ನೂ ಗಂಭೀರ. ಟಿಟ್ಟಿಭ, ನೆಲಗುಬ್ಬಿಗಳಂಥ ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳಿಗೆ ಬೀದಿನಾಯಿಗಳ ಗುಂಪಿನಿಂದ ತಪ್ಪಿಸಿಕೊಳ್ಳುವ ದಾರಿ ಕಡಿಮೆ.

ಕಾಗೆ? ಇಲ್ಲಿ ನನಗೆ ಸ್ಪಷ್ಟ ಗೆರೆ ಎಳೆಯಲು ಆಗುವುದಿಲ್ಲ. ಕಾಗೆ ಇಲ್ಲಿಯದೇ ಹಕ್ಕಿ. ಅದು ಮರಿ ಕದಿಯುವುದು ಅದರ ಹಳೆಯ ಕಸುಬು. ಆದರೆ ಒಂದು ಬೀದಿಯಲ್ಲಿ ಇಷ್ಟೊಂದು ಕಾಗೆಗಳಿರುವುದು ನಾವು ತೆರೆದಿಟ್ಟ ಕಸದಿಂದ, ಕೋಳಿಯಂಗಡಿಯ ಹಿಂದಿನ ರಾಶಿಯಿಂದ. ಕಾಡಂಚಿನ ಪ್ರವಾಸಿ ತಾಣಗಳಲ್ಲಿ ಬಿಸ್ಕತ್ತು ತಿಂದು ಹೆಚ್ಚಿದ ಕೋತಿಗಳೂ ಹೀಗೆಯೇ ಗೂಡುಗಳನ್ನು ಬರಿದು ಮಾಡುತ್ತವೆ. ಕಣ್ಣೆದುರಿನ ಕಾಗೆಯನ್ನು ಓಡಿಸಿದರೆ ಅದು ಹತ್ತು ನಿಮಿಷದಲ್ಲಿ ಮರಳುತ್ತದೆ. ಕಸದ ತೊಟ್ಟಿಗೆ ಮುಚ್ಚಳ ಬಂದರೆ ಬೀದಿಯ ಕಾಗೆಗಳೇ ಕಡಿಮೆಯಾಗುತ್ತವೆ. ಕೋಲು ಹಿಡಿದು ನಿಲ್ಲುವುದಕ್ಕಿಂತ ಆ ಮುಚ್ಚಳಕ್ಕಾಗಿ ಜಗಳವಾಡುವುದು ಮೇಲು ಎಂದು ನನ್ನ ಅನಿಸಿಕೆ. ಕಾಗೆಯ ಗೂಡಿನಲ್ಲಿ ಬೆಳೆಯುವ ಕೋಗಿಲೆ ಮರಿಯನ್ನು ಮೋಸಗಾರನೆಂದು ತೆಗೆದುಹಾಕಬೇಕೇ ಎಂದು ಕೇಳುವವರೂ ಇದ್ದಾರೆ. ಬೇಡ. ಅದು ಅವೆರಡರ ನಡುವಿನ ವ್ಯವಹಾರ.

ಒಂದೊಂದು ಮೊಟ್ಟೆಗೂ ಲೆಕ್ಕವಿರುವ ಕಡೆ ನಿಯಮ ಮತ್ತೆ ಬದಲಾಗುತ್ತದೆ. ದೊರವಾಯನ ಹಕ್ಕಿ ಎಂದು ಕರೆಯುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತದೆ, ಅದೂ ಬರಿನೆಲದ ಮೇಲೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಭೂಮಿಯಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ, ಹೆಚ್ಚಿನವು ರಾಜಸ್ಥಾನದ ಜೈಸಲ್ಮೇರ್ ಸುತ್ತ. ದೇಶದ ಬಯಲುಗಳಲ್ಲಿ ಒಟ್ಟು ಇರುವುದು 150ಕ್ಕೂ ಕಡಿಮೆ ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಪಿಕಳಾರದ 24ರ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನರಿಯೋ ಉಡವೋ ಒಂದು ಮೊಟ್ಟೆ ತಿಂದರೆ ಒಂದು ಜೋಡಿಯ ಆ ಸಲದ ಪ್ರಯತ್ನವೇ ಮುಗಿಯಿತು. ನರಿ, ಉಡ ಎರಡೂ ಅಲ್ಲಿಯ ಸಹಜ ಬೇಟೆಗಾರರೇ, ತಪ್ಪು ಅವುಗಳದ್ದಲ್ಲ. ಹುಲ್ಲುಗಾವಲನ್ನು ಉತ್ತು, ವಿದ್ಯುತ್ ತಂತಿ ಎಳೆದು ಈ ಹಕ್ಕಿಯನ್ನು ಇಷ್ಟು ಕಡಿಮೆ ಮಾಡಿದವರು ನಾವು. ಅದಕ್ಕೇ ಅಲ್ಲಿ ಬೇಲಿ ಹಾಕಿ ಬೇಟೆಗಾರರನ್ನು ದೂರವಿಡುತ್ತಾರೆ. 2019ರಿಂದ ಕಾಡಿನ ಗೂಡುಗಳಿಂದ ಮೊಟ್ಟೆಗಳನ್ನು ತಂದು ಜೈಸಲ್ಮೇರ್ ಬಳಿಯ ಸಮ್‌ನಲ್ಲಿ ಕೃತಕ ಕಾವಿನಲ್ಲಿ ಮರಿ ಮಾಡಿಸುತ್ತಿದ್ದಾರೆ. ಇದು ತಜ್ಞರು ಸರ್ಕಾರದ ಅನುಮತಿಯೊಂದಿಗೆ ಇಡೀ ಜಾತಿಯ ಪರವಾಗಿ ಮಾಡುವ ಕೆಲಸ. ಹಿತ್ತಲಿನ ಗೂಡಿಗೆ ಇದನ್ನು ಮಾದರಿಯಾಗಿ ತೆಗೆದುಕೊಳ್ಳಬಾರದು.

ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಗಾಯಗೊಳಿಸುವುದು, ಹಕ್ಕಿಗಳ ಮೊಟ್ಟೆ ಗೂಡಿಗೆ ತೊಂದರೆ ಕೊಡುವುದು ಎಲ್ಲವೂ ಸೇರುತ್ತದೆ. ಕೇರೆ, ನಾಗರ, ಶಿಕ್ರಾ, ಕೆಂಬೂತ ಎಲ್ಲಕ್ಕೂ ಈ ಕಾಯಿದೆಯ ರಕ್ಷಣೆಯಿದೆ. ಮರಿ ಉಳಿಸಲು ಹಾವನ್ನು ಹೊಡೆದು ಕೊಂದರೆ ಅದು ಅಪರಾಧ. ಉಳಿಸಿದ ಮರಿಯನ್ನು ಪಂಜರದಲ್ಲಿಟ್ಟು ಸಾಕಿದರೂ ಅಪರಾಧವೇ.

ನೆರವು ಬೇಕಾದ ಹಕ್ಕಿ ಕೈಗೆ ಸಿಕ್ಕಾಗ, ಅಂದರೆ ಬೆಕ್ಕಿನಿಂದ, ಮಾಂಜಾದಿಂದ, ಗಾಜಿಗೆ ಬಡಿದು, ಏನು ಮಾಡಬೇಕು? ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಹತ್ತಿಬಟ್ಟೆ ಹಾಸಿ, ಹಕ್ಕಿಯನ್ನು ಮೆಲ್ಲಗೆ ಒಳಗಿಟ್ಟು ಮುಚ್ಚಿ, ಕತ್ತಲೆಯ ನಿಶ್ಶಬ್ದ ಜಾಗದಲ್ಲಿಡಿ. ಇಷ್ಟೇ. ಕತ್ತಲಿನಲ್ಲಿ ಅದರ ಭಯ ಇಳಿಯುತ್ತದೆ. ನೀರು ಬಾಯಿಗೆ ಹನಿಸಬೇಡಿ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುತ್ತದೆ, ಹನಿಸಿದ ನೀರು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಹಾಲು ಬ್ರೆಡ್ಡು ಬೇಡವೇ ಬೇಡ. ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಕರೆ ಮಾಡಿ. ಬೆಂಗಳೂರಿನವರಿಗೆ ಕೆಂಗೇರಿಯ ಬಳಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಯಿದೆ. ಮಾಂಜಾ ಸಿಕ್ಕಿಕೊಂಡ ಹಕ್ಕಿಯಿಂದ ದಾರವನ್ನು ಎಳೆಯಬೇಡಿ, ಎರಡೂ ಕಡೆ ಕತ್ತರಿಸಿ ದಾರದ ಸಮೇತ ಒಯ್ಯಿರಿ, ಎಳೆದರೆ ರೆಕ್ಕೆಯ ನರ ಹರಿಯುತ್ತದೆ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶಾದ್ಯಂತ ನಿಷೇಧಿಸಿದ್ದರೂ ಅದು ಇನ್ನೂ ಮರಗಳಲ್ಲಿ ನೇತಾಡುತ್ತಿದೆ. ಗರಿಯಿಲ್ಲದ ಮರಿ ಗೂಡಿನಿಂದ ಬಿದ್ದಿದ್ದರೆ ಎತ್ತಿ ಗೂಡಿಗೇ ಇಡಬಹುದು. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಬಿಟ್ಟುಬಿಡುತ್ತದೆ ಎಂಬುದು ಸುಳ್ಳು.

ಮನೆಯಲ್ಲಿ ಮಕ್ಕಳಿದ್ದು ಅವರ ಕಣ್ಣೆದುರೇ ಹಾವು ಮರಿಯನ್ನು ನುಂಗಿದರೆ? ಅಳಲು ಬಿಡಿ. ಹಾವು ಕೆಟ್ಟದ್ದು ಎಂದು ಮಾತ್ರ ಹೇಳಬೇಡಿ. ಹಾವು ತಿಂದು ಹೋದ ಮೇಲೆ ಆ ಪಿಕಳಾರಗಳು ಎಲ್ಲಿ ಹೋದವು, ಮತ್ತೆ ಎಲ್ಲಿ ಕಡ್ಡಿ ಹೊರುತ್ತಿವೆ ಎಂದು ದೂರದಿಂದ ಹುಡುಕಲು ಹೇಳಿ. ಹರಟೆಮಲ್ಲ, ಕಾಜಾಣ, ಪಿಕಳಾರಗಳು ಒಟ್ಟುಗೂಡಿ ಹಾವಿನ ಮೇಲೆ ಎರಗಿ ಗದ್ದಲ ಎಬ್ಬಿಸುವುದನ್ನು ಮಕ್ಕಳು ನೋಡಬೇಕು. ಎಳೆಯ ಹಕ್ಕಿಗಳು ಯಾರಿಗೆ ಹೆದರಬೇಕೆಂದು ಕಲಿಯುವುದು ಆ ಗದ್ದಲದಲ್ಲೇ. ಎಷ್ಟೋ ಸಲ ಹಾವು ಅವುಗಳ ಕಾಟಕ್ಕೇ ಹಿಂದೆ ಸರಿಯುತ್ತದೆ. ನಾವು ನಡುವೆ ನುಗ್ಗಿದರೆ ಹಾವಿನ ಜೊತೆ ಅವೂ ಹಾರಿಹೋಗುತ್ತವೆ.

ಸಣ್ಣ ಹಕ್ಕಿಗಳಿಗೆ ನಿಜವಾಗಿ ನೆರವಾಗಬೇಕೆಂದಿದ್ದರೆ ಅದಕ್ಕೆ ಬೇಟೆಯ ಹೊತ್ತು ತಡವಾಯಿತು, ಕೆಲಸ ಅದಕ್ಕೂ ಮೊದಲು ಶುರುವಾಗಬೇಕು. ಗೂಡು ಬೇಟೆಗಾರನಿಗೆ ಸುಲಭವಾಗಿ ಕಾಣುವುದು ಮರೆ ಇಲ್ಲದಾಗ. ನೆಲಕ್ಕೆ ಟೈಲ್ಸ್ ಹಾಸಿ, ಉಳಿದ ನಾಲ್ಕು ಗಿಡಗಳನ್ನು ಚೆಂಡಿನಾಕಾರಕ್ಕೆ ಕತ್ತರಿಸಿದ ಅಂಗಳದಲ್ಲಿ ಪಿಕಳಾರ ಗೂಡು ಕಟ್ಟಿದರೆ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಕವಳೆ, ಮದರಂಗಿ, ನಿಂಬೆ, ಬಿದಿರಿನಂಥ ಮುಳ್ಳು ಅಥವಾ ದಟ್ಟ ಎಲೆಯ ಬೇಲಿ ಇದ್ದರೆ ಹಾವಿಗೂ ಅಲ್ಲಿ ಜಾಗವಿದೆ, ಹಕ್ಕಿಗೂ ಇದೆ. ಬೆಕ್ಕನ್ನು ಮರಿಗಳು ಹಾರುವ ಕಾಲದಲ್ಲಾದರೂ ಮನೆಯೊಳಗೆ ಇಡಿ. ಗೂಡಿನ ಫೋಟೊಗಾಗಿ ಕೊಂಬೆ ಕತ್ತರಿಸುವವರನ್ನು ತಡೆಯಿರಿ. ಅನೇಕ ಛಾಯಾಚಿತ್ರ ಸ್ಪರ್ಧೆಗಳೇ ಈಗ ಗೂಡಿನ ಚಿತ್ರಗಳನ್ನು ಸ್ವೀಕರಿಸುವುದಿಲ್ಲ. ನಿಮ್ಮ ಅಪಾರ್ಟ್‌ಮೆಂಟಿನ ಸಭೆಯಲ್ಲಿ ಗಿಡ ಸವರುವ ಕೆಲಸ ಫೆಬ್ರವರಿಯಿಂದ ಜೂನ್‌ವರೆಗೆ ಬೇಡ ಎಂದು ಬರೆಸಿ. ಕತ್ತರಿಸಲೇಬೇಕಾಗಿ ಬಂದರೆ ಮಾಲಿ ಮೊದಲು ಒಳಗೆ ಗೂಡಿದೆಯೇ ಎಂದು ನೋಡಲಿ, ಇದ್ದರೆ ಆ ಒಂದು ಗಿಡವನ್ನು ಮೂರು ನಾಲ್ಕು ವಾರ ಬಿಟ್ಟುಬಿಡಲಿ.